ಓದಲು ಕಲಿತವರು ಮತ್ತೆ ಹೆಬ್ಬೆಟ್ಟಿಗೆ ಮರಳುವುದೇಕೆ? ವಯಸ್ಕರ ಸಾಕ್ಷರತೆಗೆ ಸರ್ಕಾರದ ನೆರವು

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯುವವಳು. ಸಂಘದ ಹದಿನಾರು ಮಂದಿಯಲ್ಲಿ ಐವರು ಇನ್ನೂ ಹೆಬ್ಬೆಟ್ಟು ಒತ್ತುತ್ತಾರೆ. ಅವರಲ್ಲಿ ಮೂವರು ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ತರಗತಿಗೆ ಹೋಗಿ ಓದಲು ಕಲಿತಿದ್ದವರು. ಈಗ ಎಲ್ಲವೂ ಮರೆತುಹೋಗಿದೆ. ಇವರಿಗೆ ಕಲಿಸಲು ಈಗ ಸರ್ಕಾರದ ಯೋಜನೆ ಏನಾದರೂ ಇದೆಯೇ? ಕಲಿತದ್ದು ಏಕೆ ಉಳಿಯುವುದಿಲ್ಲ ಎಂಬುದನ್ನು ಯಾರಾದರೂ ಅಧ್ಯಯನ ಮಾಡಿದ್ದಾರೆಯೇ, ಅಂಥ ಅಧ್ಯಯನಕ್ಕೆ ಸರ್ಕಾರ ಹಣ ಕೊಡುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದಕ್ಕೆ ಉತ್ತರ ಸುಲಭ: ಯೋಜನೆ ಇದೆ, ನಿಮ್ಮ ಐವರೂ ಅದರಲ್ಲಿ ಸೇರಬಹುದು. ಎರಡನೆಯದು ಹೆಚ್ಚು ಮುಖ್ಯವಾದದ್ದು, ಏಕೆಂದರೆ ಆ ಮೂವರು ಮರೆತದ್ದಕ್ಕೂ ನಮ್ಮಲ್ಲಿ ಆ ಮರೆವಿನ ಬಗ್ಗೆ ಅಧ್ಯಯನಗಳು ವಿರಳವಾಗಿರುವುದಕ್ಕೂ ನೇರ ಸಂಬಂಧವಿದೆ ಎಂಬುದು ಜಿಲ್ಲೆಯ ಸ್ವಯಂಸೇವಕರಿಗೆ ಬಹಳ ವರ್ಷ ತರಬೇತಿ ಕೊಟ್ಟ ಮೇಲೆ ನನಗೆ ಮನವರಿಕೆಯಾದ ಸಂಗತಿ.

ಈಗ ಜಾರಿಯಲ್ಲಿರುವುದು ನವಭಾರತ ಸಾಕ್ಷರತಾ ಕಾರ್ಯಕ್ರಮ. ‘ಉಲ್ಲಾಸ್’ ಎಂಬ ಹೆಸರಿನಿಂದ ಹೆಚ್ಚು ಪರಿಚಿತವಾಗಿದೆ. 2022–23ರಿಂದ 2026–27ರವರೆಗಿನ ಐದು ಆರ್ಥಿಕ ವರ್ಷಗಳಿಗೆ ಕೇಂದ್ರ ಸರ್ಕಾರ ಇದನ್ನು ಮಂಜೂರು ಮಾಡಿದೆ. ಹದಿನೈದು ವರ್ಷ ತುಂಬಿದ, ಓದು ಬರಹ ಬಾರದ ಯಾರೇ ಆಗಲಿ ಇದರ ಕಲಿಕಾರ್ಥಿಯಾಗಬಹುದು. ಮೇಲಿನ ವಯಸ್ಸಿಗೆ ಮಿತಿ ಇಲ್ಲ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಹದಿನೈದರಿಂದ ಮೂವತ್ತೈದರ ವಯಸ್ಸಿನವರನ್ನು ಮುಖ್ಯ ಗುರಿಯಾಗಿ ಇಟ್ಟುಕೊಂಡಿತ್ತು ಎಂಬುದನ್ನು ನೆನೆದರೆ ಇದು ಸಣ್ಣ ಬದಲಾವಣೆಯಲ್ಲ. ಅಕ್ಷರ ಮತ್ತು ಲೆಕ್ಕದ ಬುನಾದಿ ಕಲಿಕೆ, ಬದುಕಿಗೆ ಬೇಕಾದ ಕೌಶಲಗಳು, ವೃತ್ತಿ ಕೌಶಲ, ಮೂಲ ಶಿಕ್ಷಣ, ಮುಂದುವರಿಕೆ ಶಿಕ್ಷಣ ಎಂಬ ಐದು ಭಾಗಗಳು ಇದರಲ್ಲಿವೆ. ಕರ್ನಾಟಕದಲ್ಲಿ ಲೋಕ ಶಿಕ್ಷಣ ನಿರ್ದೇಶನಾಲಯ ಇದರ ಹೊಣೆ ಹೊತ್ತಿದೆ.

ಹಣದ ವಿಚಾರವನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಐದು ವರ್ಷಗಳಿಗೆ ಒಟ್ಟು ವೆಚ್ಚ 1,037.90 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರದ ಪಾಲು 700 ಕೋಟಿ, ಉಳಿದದ್ದು ರಾಜ್ಯಗಳದ್ದು. ಗುರಿ ಐದು ಕೋಟಿ ಕಲಿಕಾರ್ಥಿಗಳು. ಭಾಗಿಸಿದರೆ ತಲೆಗೆ 207 ರೂಪಾಯಿ 58 ಪೈಸೆ ಬರುತ್ತದೆ. ಯೋಜನೆ ಆರಂಭವಾದ 2022–23ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿಯ ಒಂದು ದಿನದ ಕೂಲಿ 309 ರೂಪಾಯಿ ಇತ್ತು. ಒಬ್ಬ ಮನುಷ್ಯನಿಗೆ ಬದುಕಿನುದ್ದಕ್ಕೂ ಉಳಿಯುವಂತೆ ಓದು ಕಲಿಸಲು ಒಂದು ದಿನದ ಮಣ್ಣು ಕೆಲಸದ ಕೂಲಿಯಷ್ಟೂ ಇಲ್ಲ ಎಂದಾಯಿತು. ಇಷ್ಟು ಕಡಿಮೆ ಹಣದಲ್ಲಿ ಯೋಜನೆ ನಡೆಯುವುದಕ್ಕೆ ಕಾರಣ ಕಲಿಸುವವರಿಗೆ ಗೌರವಧನವಿಲ್ಲದಿರುವುದು. ಇಡೀ ಕಾರ್ಯಕ್ರಮ ಸ್ವಯಂಸೇವೆಯ ಮೇಲೆ ನಿಂತಿದೆ. ಇದಕ್ಕೆ ಮುಂಚಿನ ಸಾಕ್ಷರ ಭಾರತ ಯೋಜನೆಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಕಲಿಕಾ ಕೇಂದ್ರ ನೋಡಿಕೊಳ್ಳುವ ಇಬ್ಬರು ಪ್ರೇರಕರು ಇದ್ದರು, ಅವರಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಗೌರವಧನವಿತ್ತು. ಆ ಮೊತ್ತವೂ ಹೆಚ್ಚಿನದೇನಲ್ಲ, ಆದರೆ ಮಳೆಗಾಲದಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿ ಹೋಗಬೇಕಾದ ಒಬ್ಬ ನಿರ್ದಿಷ್ಟ ವ್ಯಕ್ತಿ ಊರಿನಲ್ಲಿ ಇದ್ದಾನೆ ಎಂಬ ಖಾತ್ರಿಯನ್ನಾದರೂ ಅದು ಕೊಡುತ್ತಿತ್ತು.

ಸೇರುವ ಕ್ರಮ ಹೀಗಿದೆ. ಯೋಜನೆಯ ಜಾರಿಗೆ ಶಾಲೆಯೇ ಘಟಕ. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕಂಡು ಹೆಸರು ಬರೆಸಬಹುದು, ಇಲ್ಲವೇ ಉಲ್ಲಾಸ್ ಆ್ಯಪ್‌ನಲ್ಲಿ ಕಲಿಕಾರ್ಥಿಯನ್ನೂ ಸ್ವಯಂಸೇವಕರನ್ನೂ ನೋಂದಾಯಿಸಬಹುದು. ನಿಮ್ಮ ಊರಿನಲ್ಲಿ ಫೋನು ಹಿಡಿದು ತೋಟದ ದಿಬ್ಬಕ್ಕೆ ಹೋದರೆ ಮಾತ್ರ ನೆಟ್‌ವರ್ಕ್ ಸಿಗುವುದಾದರೆ ಶಾಲೆಯ ದಾರಿಯೇ ಲೇಸು. ಕಲಿಸುವವರು ನೀವೇ ಆಗಬಹುದು, ರಜೆಗೆ ಊರಿಗೆ ಬಂದ ಕಾಲೇಜು ಹುಡುಗಿಯೂ ಆಗಬಹುದು. ಕಲಿತ ಮೇಲೆ ಒಂದು ಪರೀಕ್ಷೆ ಇರುತ್ತದೆ: ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50, ಒಟ್ಟು 150 ಅಂಕ. ತೇರ್ಗಡೆಯಾದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಪ್ರಮಾಣಪತ್ರ ಕೊಡುತ್ತದೆ. ಮುಂದೆ ಓದುವ ಆಸೆಯುಳ್ಳವರಿಗೆ ಅದೇ ಸಂಸ್ಥೆಯ ಮುಕ್ತ ಮೂಲ ಶಿಕ್ಷಣದಲ್ಲಿ ಮೂರು, ಐದು ಮತ್ತು ಎಂಟನೆಯ ತರಗತಿಗೆ ಸಮನಾದ ಮೂರು ಹಂತಗಳಿವೆ.

ಪ್ರಮಾಣಪತ್ರ ಸಿಕ್ಕಿದರೆ ಸರ್ಕಾರದ ಕಡತದಲ್ಲಿ ಕೆಲಸ ಮುಗಿಯಿತು. ನಿಮ್ಮ ಮೂವರ ಕತೆ ಶುರುವಾಗುವುದೇ ಅಲ್ಲಿಂದ.

ಆ ಮೂವರು ಮರೆತದ್ದು ಅವರ ಮಂದಬುದ್ಧಿಯಿಂದಲ್ಲ. ವಯಸ್ಕರ ಶಿಕ್ಷಣಕ್ಕೆ ನಮ್ಮಲ್ಲಿ ಶಾಲಾ ಶಿಕ್ಷಣಕ್ಕಿರುವಂಥ ನಿರಂತರತೆ ಇಲ್ಲ. ಮಕ್ಕಳ ಶಿಕ್ಷಣಕ್ಕೆ 2009ರ ಕಾಯ್ದೆಯ ರಕ್ಷೆ ಇದೆ, ಆರರಿಂದ ಹದಿನಾಲ್ಕರವರೆಗೆ ಅದು ಹಕ್ಕು. ನಲವತ್ತೆಂಟು ವರ್ಷದ ಹೆಂಗಸು ಓದು ಕಲಿಯುವುದು ಯಾವ ಕಾನೂನಿನಲ್ಲೂ ಹಕ್ಕಲ್ಲ, ಆಗಿನ ಯೋಜನೆ ಇದ್ದರೆ ಇದೆ, ಇಲ್ಲವಾದರೆ ಇಲ್ಲ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ಸಾಕ್ಷರತಾ ಮಿಷನ್, ಅದರಡಿಯಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯ ಯಶಸ್ಸಿನ ಮೇಲೆ ದೇಶಕ್ಕೆಲ್ಲ ಹಬ್ಬಿದ ಸಂಪೂರ್ಣ ಸಾಕ್ಷರತಾ ಆಂದೋಲನ, 2009ರ ಸೆಪ್ಟೆಂಬರ್ 8ರಂದು ಸಾಕ್ಷರ ಭಾರತ: ಪ್ರತಿಯೊಂದೂ ಹಿಂದಿನದನ್ನು ಮುಂದುವರಿಸುವುದಕ್ಕಿಂತ ಹೊಸದಾಗಿ ಗುದ್ದಲಿ ಪೂಜೆ ಮಾಡಿದಂತೆ ಬಂದವು. ಸಾಕ್ಷರ ಭಾರತ 2018ರ ಮಾರ್ಚ್ 31ಕ್ಕೆ ಮುಗಿಯಿತು; ಮುಂದಿನ ಪಢನಾ ಲಿಖನಾ ಅಭಿಯಾನ ಬಂದದ್ದು 2020–21ರಲ್ಲಿ. ನಡುವಿನ ಎರಡು ವರ್ಷ, ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತವರ ಕೈಯಲ್ಲಿ ಓದಲು ಏನೂ ಇರಲಿಲ್ಲ. ಹೊಸದಾಗಿ ನೆಟ್ಟ ಅಡಿಕೆ ಸಸಿಗೆ ಎರಡು ಬೇಸಿಗೆ ನೀರು ತಪ್ಪಿಸಿ ಮೂರನೆಯ ವರ್ಷ ಬುಡ ಬಿಡಿಸಲು ಹೋದಂತೆ ಅದು.

ಮಲೆನಾಡಿಗೆ ಇನ್ನೊಂದು ತೊಡಕೂ ಇದೆ, ಅದು ಸರಾಸರಿಯ ತೊಡಕು. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸಾಕ್ಷರತೆ ಶೇ 80.45; ರಾಜ್ಯದ್ದು ಶೇ 75.36. ಈ ಅಂಕಿ ನೋಡಿದವರು ನಮ್ಮ ಜಿಲ್ಲೆಗೆ ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ಅದೇ ಜನಗಣತಿಯಲ್ಲಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 74.84, ಅಂದರೆ ಏಳು ವರ್ಷ ಮೇಲ್ಪಟ್ಟ ನಾಲ್ವರಲ್ಲಿ ಒಬ್ಬರಿಗೆ ಓದು ಬಾರದು. ಶಾಲೆಗೆ ಹೋಗುವ ಹುಡುಗಿಯರನ್ನು ಆ ಲೆಕ್ಕದಿಂದ ತೆಗೆದರೆ ನಿಮ್ಮ ಸಂಘದ ವಯಸ್ಸಿನವರ ಸ್ಥಿತಿ ಅದಕ್ಕಿಂತ ಕೆಳಗಿರುತ್ತದೆ. ಸಾಕ್ಷರ ಭಾರತದಂಥ ಯೋಜನೆ ವಯಸ್ಕ ಮಹಿಳೆಯರ ಸಾಕ್ಷರತೆ ಶೇ 50 ಅಥವಾ ಅದಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳನ್ನು ಆರಿಸಿಕೊಂಡಿತು. ಬಡ ಜಿಲ್ಲೆಗೆ ಮೊದಲ ಆದ್ಯತೆ ಎಂಬ ನೀತಿಯಲ್ಲಿ ನನಗೆ ತಕರಾರಿಲ್ಲ. ಆದರೆ ಜಿಲ್ಲೆಯನ್ನು ಘಟಕವಾಗಿಟ್ಟುಕೊಂಡರೆ ಪೇಟೆಯ ಸಾಕ್ಷರತೆ ಕಾಡಂಚಿನ ಕೇರಿಯ ಅನಕ್ಷರತೆಯನ್ನು ಮುಚ್ಚಿಬಿಡುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ. ಬಯಲುಸೀಮೆಯ ಊರಿನಲ್ಲಿ ಒಂದು ಕಟ್ಟೆಯ ಮೇಲೆ ಹತ್ತು ಜನ ಸೇರಬಹುದು. ಆಂದೋಲನದ ಕಾಲದ ‘ಒಬ್ಬ ಸ್ವಯಂಸೇವಕ, ಹತ್ತು ಕಲಿಕಾರ್ಥಿ’ ಎಂಬ ಸೂತ್ರ ಅಂಥ ಊರಿಗೆ ಹೊಂದುತ್ತದೆ. ನಮ್ಮ ಕಡೆ ಒಂದು ಗುಡ್ಡಕ್ಕೆ ಒಂದು ಮನೆ. ಉಂಬಳ ಕಚ್ಚಿಸಿಕೊಂಡು, ಟಾರ್ಚು ಹಿಡಿದು, ಸಂಕ ದಾಟಿ ರಾತ್ರಿ ಎಂಟಕ್ಕೆ ತರಗತಿಗೆ ಬರುವವರು ಎಷ್ಟು ದಿನ ಬಂದಾರು?

ಒಂದು ಪ್ರಸಂಗವನ್ನು ಹೇಳುತ್ತೇನೆ. ಹೊಸನಗರದ ಕಡೆ ಒಂದು ಮನೆಯಲ್ಲಿ ಅಡಿಕೆ ಸುಲಿಯುವ ಚಪ್ಪರದಡಿ ಕಲಿಕಾರ್ಥಿಯೊಬ್ಬರನ್ನು ನೋಡಲು ಹೋಗಿದ್ದೆ. ಆಕೆ ಸಹಿ ಮಾಡಲು ಕಲಿತಿದ್ದರು, ವರದಿಯಲ್ಲಿ ಸಾಕ್ಷರರ ಪಟ್ಟಿಯಲ್ಲಿದ್ದರು. ನನ್ನ ಎದುರಿಗೇ ಕೈಯೊರೆಸಿಕೊಂಡು ನಾಲ್ಕಕ್ಷರದ ಹೆಸರನ್ನು ಅಂದವಾಗಿ ಬರೆದರು. ಅದರಲ್ಲಿ ಎರಡನೆಯ ಅಕ್ಷರ ‘ರ’. ಅದೊಂದನ್ನೇ ಬೇರೆಯಾಗಿ ಬರೆಯಿರಿ ಎಂದಾಗ ಆಕೆಯ ಕೈ ನಿಂತಿತು. ಆಕೆಗೆ ಹೆಸರು ನಾಲ್ಕು ಅಕ್ಷರಗಳಲ್ಲ, ಒಂದು ರಂಗೋಲಿ. ಮೊದಲ ಎಳೆಯಿಂದ ಶುರು ಮಾಡಿದರೆ ಮಾತ್ರ ಕೈ ಓಡುತ್ತದೆ. ಹಾಗೆಂದು ಆಕೆಗೆ ಲೆಕ್ಕ ಬಾರದೆ? ಪಕ್ಕದ ಮಣ್ಣಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಟುಗಳನ್ನು ಎಳೆದಿದ್ದರು: ನಾಲ್ಕು ನೆಟ್ಟಗೆ, ಐದನೆಯದು ಅಡ್ಡಕ್ಕೆ. ಸುಲಿದ ಡಬ್ಬಗಳ ಲೆಕ್ಕ ಅದು. ಮನೆಯ ಯಜಮಾನರ ಪುಸ್ತಕದಲ್ಲಿ ಎರಡು ಡಬ್ಬ ಕಡಿಮೆ ಬರೆದಿತ್ತು. ಗೋಡೆಯೇ ಸರಿ ಎಂದು ಆಮೇಲೆ ತಿಳಿಯಿತು. ಐದರ ಮಗ್ಗಿ ಆಕೆಯ ಗೋಡೆಯ ಮೇಲೆಯೇ ಇದ್ದರೂ ನಮ್ಮ ಸ್ವಯಂಸೇವಕ ಆಕೆಗೆ ಒಂದರಿಂದ ಅಂಕಿಗಳನ್ನು ತಿದ್ದಿಸುತ್ತಿದ್ದ. ತಪ್ಪು ಅವನದಲ್ಲ, ಅವನಿಗೆ ಹಾಗೆ ತರಬೇತಿ ಕೊಟ್ಟಿದ್ದವನು ನಾನೇ.

ಸಂಶೋಧನೆ ಬೇಕಾಗುವುದು ಇಂಥ ಕಡೆ. ನಿಮ್ಮ ಎರಡನೆಯ ಪ್ರಶ್ನೆಗೆ ತಿಳಿದಿರುವ ಉತ್ತರದ ಒಂದು ಭಾಗ ನಮ್ಮ ಲಿಪಿಯಲ್ಲಿದೆ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ ಎಂದು ಹೇಳಿ ಕಲಿಸಲು ಕೂರುತ್ತೇವೆ. ಆದರೆ ಕಾಗುಣಿತ ಮತ್ತು ಒತ್ತಕ್ಷರ ಸೇರಿದಾಗ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತದ್ದು. ಅಕ್ಷರಗಳ ಮೇಲಿನ ಹಿಡಿತ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ, ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ಅದು ತೋರಿಸಿತು. ದಿನವೂ ಶಾಲೆಗೆ ಹೋಗುವ ಮಗುವಿಗೇ ಇಷ್ಟು ಕಾಲ ಬೇಕು. ಆಂದೋಲನದ ಪಠ್ಯಕ್ರಮವೋ ಮೂರು ಪ್ರೈಮರ್‌ಗಳನ್ನು (ಅಕ್ಷರ ಕಲಿಸುವ ಮೊದಲ ಪಾಠಪುಸ್ತಕಗಳನ್ನು) ಸುಮಾರು 200 ಗಂಟೆಗಳಲ್ಲಿ ಮುಗಿಸುವಂತೆ ರೂಪಿಸಿದ್ದು, ಅದೂ ದಿನವಿಡೀ ಗದ್ದೆ ತೋಟಗಳಲ್ಲಿ ದುಡಿದು ಬಂದವರಿಗೆ. ಒಂದೊಂದೇ ಅಕ್ಷರ ಕೂಡಿಸಿ ಓದುವಾಗ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮನಸ್ಸಿನಿಂದ ಜಾರಿರುತ್ತದೆ; ಅರ್ಥವಾಗದ ಓದನ್ನು ಯಾರೂ ತಾವಾಗಿ ಮುಂದುವರಿಸುವುದಿಲ್ಲ; ಮುಂದುವರಿಸದ ಓದು ಮರೆಯುತ್ತದೆ. ನಿಮ್ಮ ಮೂವರೂ ಈ ಹಂತ ದಾಟುವ ಮೊದಲೇ ತರಗತಿ ನಿಂತಿರಬೇಕು ಎಂಬುದು ನನ್ನ ಊಹೆ.

ಇಷ್ಟೆಲ್ಲ ಗೊತ್ತಿರುವುದು ಹೆಚ್ಚಾಗಿ ಮಕ್ಕಳ ಓದಿನ ಅಧ್ಯಯನದಿಂದ. ಕನ್ನಡ ಕಲಿಯುವ ವಯಸ್ಕರ ಬಗ್ಗೆ ಅದೇ ಶ್ರದ್ಧೆಯ, ವರ್ಷಗಟ್ಟಲೆ ಬೆನ್ನು ಹತ್ತಿ ಹೋಗುವ ಕೆಲಸಕ್ಕೆ ನಮ್ಮ ಯೋಜನೆಗಳಲ್ಲಿ ಜಾಗವೇ ಕಿರಿದು. ಉಲ್ಲಾಸ್‌ನಲ್ಲಿ ಕಲಿಕೆಯ ಫಲಿತಾಂಶ ಅಳೆಯಲು ಪ್ರತಿ ರಾಜ್ಯದಿಂದ 500ರಿಂದ 1,000 ಕಲಿಕಾರ್ಥಿಗಳನ್ನು ಚೀಟಿ ಎತ್ತಿದಂತೆ ಆರಿಸಿ ಸಮೀಕ್ಷೆ ಮಾಡುವ ಅವಕಾಶ ಇಟ್ಟಿದ್ದಾರೆ, ಅದು ಒಳ್ಳೆಯದೇ. ಆದರೆ ಸಾವಿರ ಜನರನ್ನೇ ಆರಿಸಿದರೂ 31 ಜಿಲ್ಲೆಗಳಿಗೆ ಸಮನಾಗಿ ಹಂಚಿದರೆ ಜಿಲ್ಲೆಗೆ 32. ನಮ್ಮ ಏಳು ತಾಲ್ಲೂಕುಗಳಿಗೆ ಹಂಚಿದರೆ ತಾಲ್ಲೂಕಿಗೆ ನಾಲ್ಕೈದು ಮಂದಿ. ರಾಜ್ಯದ ಒಟ್ಟು ಚಿತ್ರಕ್ಕೆ ಅಷ್ಟು ಸಾಕಾದೀತು. ಸೊರಬದಲ್ಲಿ ಉಳಿದ ಕಲಿಕೆ ಹೊಸನಗರದಲ್ಲಿ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗಲಾರದು.

ಹಣವಂತ ದೇಶಗಳಲ್ಲಿ ಇದು ಸುಸೂತ್ರವಾಗಿದೆ ಎಂದು ಭಾವಿಸಬೇಡಿ. ಅಮೆರಿಕ 1991ರಲ್ಲಿ ಕಾನೂನು ಮಾಡಿ ರಾಷ್ಟ್ರೀಯ ಸಾಕ್ಷರತಾ ಸಂಸ್ಥೆಯನ್ನು ಸ್ಥಾಪಿಸಿತು, 1992ರಲ್ಲೂ 2003ರಲ್ಲೂ ವಯಸ್ಕರಿಗೆ ನಿಜವಾದ ಓದಿನ ಕೆಲಸಗಳನ್ನು ಕೊಟ್ಟು ದೇಶಮಟ್ಟದ ಸಮೀಕ್ಷೆ ನಡೆಸಿತು. 2010ರಲ್ಲಿ ಆ ಸಂಸ್ಥೆಯನ್ನು ಮುಚ್ಚಿಬಿಟ್ಟಿತು. ಬ್ರಿಟನ್ 2001ರಲ್ಲಿ ವಯಸ್ಕರ ಓದು ಬರಹದ ದೊಡ್ಡ ಕಾರ್ಯನೀತಿ ಪ್ರಕಟಿಸಿ, ಮರುವರ್ಷವೇ ಅದಕ್ಕೆಂದು ಒಂದು ಸಂಶೋಧನಾ ಕೇಂದ್ರವನ್ನು ಆರಂಭಿಸಿತು. ಕಲಿಸುವ ಯೋಜನೆಯ ಜೊತೆಯಲ್ಲೇ ಅದನ್ನು ಪರೀಕ್ಷಿಸುವ ಕೇಂದ್ರವೂ ಹುಟ್ಟಿದ ಈ ಬ್ರಿಟಿಷ್ ಕ್ರಮ ನನಗೆ ಹೆಚ್ಚು ಸರಿಯೆನಿಸುತ್ತದೆ.

ನಮ್ಮಲ್ಲಿ ಪರಂಪರೆಯೇ ಇಲ್ಲವೆಂದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ 1940ರ ದಶಕದಲ್ಲೇ ವಯಸ್ಕರ ಶಿಕ್ಷಣ ಸಮಿತಿ ಕೆಲಸ ಮಾಡುತ್ತಿತ್ತು. ಡೆನ್ಮಾರ್ಕಿನ ಜನಪದ ಶಾಲೆಗಳ ಮಾದರಿಯಲ್ಲಿ ಗ್ರಾಮೀಣ ಯುವಕರಿಗಾಗಿ ವಿದ್ಯಾಪೀಠಗಳನ್ನು ನಡೆಸಿತ್ತು, ಹೊಸದಾಗಿ ಓದು ಕಲಿತವರಿಗೆಂದೇ ಸರಳ ಪುಸ್ತಕಗಳನ್ನು ಅಚ್ಚು ಹಾಕಿಸಿತ್ತು. ಕಲಿತ ಮೇಲೆ ಓದಲು ಏನಾದರೂ ಬೇಕು ಎಂಬುದು ಆಗಿನವರಿಗೆ ತಿಳಿದಿತ್ತು. ವಿಶ್ವವಿದ್ಯಾಲಯಗಳಿಗೆ ಬೋಧನೆ, ಸಂಶೋಧನೆಗಳ ಜೊತೆ ವಿಸ್ತರಣೆಯೂ, ಅಂದರೆ ವಿದ್ಯೆಯನ್ನು ಹೊರಗಿನ ಜನರ ಬಳಿಗೆ ಒಯ್ಯುವುದೂ, ಮೂರನೆಯ ಕರ್ತವ್ಯ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 1977ರಲ್ಲಿ ಹೇಳಿದ ಮೇಲೆ ಹಲವೆಡೆ ವಯಸ್ಕರ ಶಿಕ್ಷಣ ವಿಭಾಗಗಳು ತೆರೆದವು. ಇಂದಿಗೂ ಹಣದ ಬಾಗಿಲು ಪೂರ್ತಿ ಮುಚ್ಚಿಲ್ಲ: 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಶಿಕ್ಷಣ ವಿಷಯದ ಸಂಶೋಧನಾ ಯೋಜನೆಗಳಿಗೂ ಅನುದಾನ ಕೊಡುತ್ತದೆ. ಆದರೆ ಅದು ವಿಶ್ವವಿದ್ಯಾಲಯ, ಕಾಲೇಜುಗಳ ಅಧ್ಯಾಪಕರು ಮತ್ತು ಸಂಶೋಧಕರಿಗೆ ಸಿಗುವಂಥದು. ನಿಮ್ಮ ಸಂಘ ನೇರವಾಗಿ ಕೇಳುವಂತಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಮಾಜ ವಿಜ್ಞಾನ ಓದುವ ಯಾರಾದರೂ ನಿಮ್ಮ ಕಡೆಯ ಹುಡುಗ ಹುಡುಗಿಯರಿದ್ದರೆ ಅವರ ಮೂಲಕ ಅಧ್ಯಾಪಕರ ಕಿವಿಗೆ ಈ ವಿಷಯ ಹಾಕಿ. ಪ್ರಬಂಧಕ್ಕೆ ವಿಷಯ ಹುಡುಕಿಕೊಂಡು ಬೇರೆಲ್ಲೋ ಅಲೆಯುವ ವಿದ್ಯಾರ್ಥಿಗೆ ನಿಮ್ಮ ಐವರು ಸಿಕ್ಕರೆ ಅವನ ಭಾಗ್ಯ.

ಅಲ್ಲಿಯವರೆಗೆ ನೀವು ಮಾಡಬಹುದಾದ ಕೆಲಸವಿದೆ. ಮರೆತ ಮೂವರನ್ನೂ ಹೊಸಬರಾದ ಇಬ್ಬರನ್ನೂ ಒಂದೇ ಮಣೆಯ ಮೇಲೆ ಕೂರಿಸಿ ‘ಅ’ದಿಂದ ಶುರು ಮಾಡಬೇಡಿ, ಒಮ್ಮೆ ಕಲಿತವರಿಗೆ ಅವಮಾನವಾಗುತ್ತದೆ, ಅವರು ಮೂರನೆಯ ದಿನ ಬರುವುದಿಲ್ಲ. ಬಸ್ಸಿನ ಬೋರ್ಡಿನಿಂದ ಆರಂಭಿಸಿ. ನಮ್ಮ ಜಿಲ್ಲೆಯ ತಾಲ್ಲೂಕುಗಳ ಹೆಸರುಗಳೇ ಒಂದು ಪಾಠಕ್ರಮ. ‘ಸಾಗರ’, ‘ಸೊರಬ’, ‘ಹೊಸನಗರ’ ಮೊದಲಿಗೆ. ಮೂರರಲ್ಲೂ ಒತ್ತಿಲ್ಲ, ‘ರ’ ಮೂರರಲ್ಲೂ ಬರುತ್ತದೆ, ‘ಸ’ ಒಂದು ಕಡೆ ದೀರ್ಘವಾಗಿ, ಒಂದು ಕಡೆ ಒಕಾರ ಹೊತ್ತು, ಇನ್ನೊಂದು ಕಡೆ ಬರಿದಾಗಿ ಕಾಣಿಸಿಕೊಳ್ಳುತ್ತದೆ. ಆಮೇಲೆ ‘ಶಿಕಾರಿಪುರ’, ಅದರಲ್ಲಿ ಗುಣಿತಗಳೇ ತುಂಬಿವೆ. ‘ಶಿವಮೊಗ್ಗ’ದಲ್ಲಿ ಮೊದಲ ಒತ್ತು, ಅದೂ ತನ್ನದೇ ಅಕ್ಷರದ ಒತ್ತು. ‘ಭದ್ರಾವತಿ’ಯಲ್ಲಿ ಬೇರೆ ಅಕ್ಷರದ ಒತ್ತು. ಕಟ್ಟಕಡೆಗೆ ನಿಮ್ಮ ‘ತೀರ್ಥಹಳ್ಳಿ’: ಬಾಯಲ್ಲಿ ‘ರ’ ಮೊದಲು, ‘ಥ’ ಆಮೇಲೆ, ಬರಹದಲ್ಲಿ ‘ಥ’ ಮೊದಲು, ಅರ್ಕಾವತ್ತು ಆಮೇಲೆ. ದಿನಾ ಹತ್ತುವ ಬಸ್ಸಿನ ಬೋರ್ಡೇ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಕಷ್ಟದ ಬೋರ್ಡಾಗಿರುವುದು ನಿಮ್ಮ ತಾಲ್ಲೂಕಿನವರ ದುರದೃಷ್ಟ ಎನ್ನಿ.

ಲೆಕ್ಕಕ್ಕೆ ಬೇರೆ ಪುಸ್ತಕ ಬೇಡ. ಸಂಘದ ಉಳಿತಾಯದ ಪಾಸ್‌ಬುಕ್ಕು ಇದೆ. ವಾರದ ಕಂತು ಕಟ್ಟುವಾಗ ನೀವು ಬರೆಯುವ ಅಂಕಿಯನ್ನು ಅವರೇ ಓದಿ ಹೇಳಲಿ, ಸಾಲದ ಬಾಕಿಯನ್ನು ಅವರೇ ಕಳೆಯಲಿ. ನಾಟಿ ಮತ್ತು ಅಡಿಕೆ ಸುಗ್ಗಿಯ ತಿಂಗಳುಗಳಲ್ಲಿ ತರಗತಿ ನಡೆಯುವುದಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಿ. ಆ ಬಿಡುವಿನಲ್ಲಿ ಮರೆಯದಿರಲು ವಾರದ ಸಭೆಯಲ್ಲಿ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ. ಓದಲು ಏನು ಕೊಡುವುದು ಎಂದರೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಮಕ್ಕಳಿಗೆಂದು ತರಿಸಿದ ದಪ್ಪಕ್ಷರದ ಪುಸ್ತಕಗಳನ್ನು ಸಂಘದ ಹೆಸರಿನಲ್ಲಿ ಎರವಲು ಕೇಳಿ ನೋಡಿ. ಮಕ್ಕಳ ಕತೆ ಓದುವುದಕ್ಕೆ ದೊಡ್ಡವರು ನಾಚಿದರೆ ಮೊಮ್ಮಕ್ಕಳಿಗೆ ಓದಿ ಹೇಳಲು ಒಯ್ಯುತ್ತಿದ್ದೇವೆ ಎಂದರಾಯಿತು. ಬಹಳ ಕಡೆ ಇದು ನಡೆಯುವುದನ್ನು ಕಂಡಿದ್ದೇನೆ.

ಇನ್ನೊಂದು ಕೆಲಸ, ನಾನು ನನ್ನ ಕಾಲದಲ್ಲಿ ಮಾಡದೆ ಬಿಟ್ಟದ್ದು. ನೂರು ಪುಟದ ಒಂದು ನೋಟ್‌ಬುಕ್ ಇಡಿ. ಒಬ್ಬೊಬ್ಬರಿಗೂ ಇಪ್ಪತ್ತು ಪುಟ. ಪ್ರತಿ ತಿಂಗಳ ಮೊದಲ ಸಭೆಯ ದಿನ ತಾರೀಖು ಹಾಕಿ, ಅದೇ ಆರು ಸಾಲಿನ ಒಂದು ಬರಹವನ್ನು ಓದಿಸಿ, ಒಂದು ನಿಮಿಷದಲ್ಲಿ ಎಷ್ಟು ಪದ ಓದಿದರು, ಯಾವ ಅಕ್ಷರದಲ್ಲಿ ತಡೆದರು, ಓದಿದ್ದರಲ್ಲಿ ಏನು ನೆನಪಿತ್ತು ಎಂದು ಬರೆದಿಡಿ. ಅದೇ ಬರಹ ಬಾಯಿಪಾಠವಾದಂತೆ ಕಂಡರೆ ಬೇರೆ ಬರಹ ಇಡಿ, ಬದಲಿಸಿದ್ದನ್ನೂ ಬರೆಯಿರಿ. ಪರೀಕ್ಷೆ ಮುಗಿದು ಪ್ರಮಾಣಪತ್ರ ಬಂದ ಮೇಲೂ ಒಂದು ವರ್ಷ ಇದನ್ನು ನಿಲ್ಲಿಸಬೇಡಿ. ಮುಖ್ಯ ಶಿಕ್ಷಕರನ್ನು ನೋಡಲು ಹೋಗುವಾಗ ಆ ಪುಸ್ತಕವನ್ನೂ ಒಯ್ಯಿರಿ, ಮತ್ತು ಬರುವ ಅಡಿಕೆ ಸುಗ್ಗಿ ಮುಗಿದ ಮೇಲೆ ಅದರಲ್ಲಿ ಏನಿದೆ ಎಂದು ನನಗೂ ಒಂದು ಕಾಗದ ಬರೆಯಿರಿ. ಆಗುವುದಾದರೆ ನೀವಲ್ಲ, ಆ ಐವರಲ್ಲಿ ಒಬ್ಬರು ಬರೆಯಲಿ.